ಎರಡನೆಯ ಸಾಲು

೧೯೫೪ರ ಮಾಘದಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬೆಳಗಿನ ಮೊದಲ ಬಸ್ಸು ತೆರಕಣಾಂಬಿಯಲ್ಲಿ ನಿಂತಿದ್ದಾಗ ಆ ಬೀಸುವ ಪದ ಕೇಳಿದೆ. ರಸ್ತೆ ಬದಿಯ ಮನೆಯಲ್ಲಿ ಓರಗಿತ್ತಿಯರಿಬ್ಬರು ರಾಗಿ ಬೀಸುತ್ತಿದ್ದರು. ಒಬ್ಬಳು ಒಂದು ಸಾಲು ಹಾಡಿದರೆ ಮುಂದಿನ ಸಾಲು ಇನ್ನೊಬ್ಬಳದು. ಹಾಡು ಸಂಗ್ರಹಿಸುತ್ತ ಹಳ್ಳಿ ಹಳ್ಳಿ ಸುತ್ತಿದ್ದರೂ ಅಂಥ ಹಾಡನ್ನು ನಾನು ಎಲ್ಲೂ ಕೇಳಿರಲಿಲ್ಲ. ಇನ್ನೊಮ್ಮೆ ಬಂದು ಬರೆದುಕೊಂಡರಾಯಿತು ಎಂದುಕೊಂಡೆ, ಮುಟ್ಠಾಳ!

ಯುಗಾದಿ ಕಳೆದು ಬಂದರೆ ಹಿರಿಯವಳು ದೊಡ್ಡತಾಯಮ್ಮ ಸತ್ತು ತಿಂಗಳಾಗಿತ್ತು. ಉಳಿದವಳು ಪುಟ್ಟಮಾದಮ್ಮ.

"ಅವರ ಸಾಲುಗಳನ್ನೂ ನೀವೇ ಹೇಳಿಬಿಡಿ ತಾಯಿ, ನಿಮ್ಮ ಕಾಲಿಗೆ ಬೀಳುತ್ತೇನೆ," ಎಂದೆ.

"ದಿನಾ ಕೇಳಿವ್ನಿ ಸೋಮಿ. ಕಿವೀಲದೆ, ಬಾಯ್ಗೆ ಬರಾಕಿಲ್ಲ."

ಹುಚ್ಚನ ಹಾಗೆ ಊರೆಲ್ಲ ಅಲೆದು ವಿಚಾರಿಸಿದೆ. ಆ ಸಾಲುಗಳು ಯಾರಿಗೂ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಮುಂಚೆ ಮತ್ತೆ ಹೋಗಿ ಅಂಗಲಾಚಿದೆ. ಪುಟ್ಟಮಾದಮ್ಮ ಬೀಸುವ ಕಲ್ಲಿನ ಮುಂದೆ ಕೂತು, ಗೂಟ ಹಿಡಿದು, ಕಣ್ಣು ಮುಚ್ಚಿ ತನ್ನ ಸಾಲು ಹಾಡಿದಳು. ಆಮೇಲೆ ಕಲ್ಲು ಮಾತ್ರ ತಿರುಗುತ್ತಿತ್ತು.

"ಮುಂದೆ?" ಎಂದೆ, ತಡೆಯಲಾರದೆ.

ಅವಳು ಕಣ್ಣು ತೆರೆಯಲಿಲ್ಲ.

"ವಸಿ ಇರಿ ಸೋಮಿ. ನಮ್ಮಕ್ಕ ಇನ್ನೂ ಮುಗಿಸಿಲ್ಲ."