ಬಿಸಿಲಿಗೆ ಎಳೆದ ಕುರ್ಚಿ

ಊರಿನ ಹುಡುಗ ಉಸ್ಮಾನ್ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಬಾಲ್ಕನಿಯ ನೆರಳಿಗೆ ಎಳೆದು ಹಾಕುತ್ತಿದ್ದ. ಸಿದ್ಧಕಟ್ಟೆಯ ಬಿಸಿಲು ಆಗಲೇ ಅಂಗಳದಲ್ಲಿ ಯಾರನ್ನೂ ನಿಲ್ಲಲು ಬಿಡುತ್ತಿರಲಿಲ್ಲ.

"ಎಲ್ಲ ಇಲ್ಲಿಯೇ ಹಾಕುವ," ಎಂದ ಅವನು ನೆರೆಮನೆಯ ಅಬ್ದುಲ್ ವಹಾಬರಿಗೆ. "ಇವತ್ತು ಎಬ್ಬಿಸ್ಲಿಕ್ಕೆ ಮೊಯಿದಿನಬ್ಬಾಕ ಇಲ್ಲ."

ವಹಾಬರಿಗೆ ನಗು ಬಂತು. ಸತ್ತವರ ಮಯ್ಯತ್ ಇನ್ನೂ ಒಳಗಿರುವಾಗ ನಕ್ಕೆನಲ್ಲ ಎಂದು ನಾಚಿಕೆಯೂ ಆಯಿತು.

ಸತ್ತ ಮೊಯಿದಿನಬ್ಬ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ಜೀವಮಾನವಿಡೀ ತೆಂಗಿನಕಾಯಿ ಮಾರಿದವರು. ಯಾರ ತಂಟೆಗೂ ಹೋದವರಲ್ಲ. ಆದರೆ ಮೂರು ವರ್ಷದಿಂದ ಅವರಿಗೊಂದು ಹೊಸ ಚಾಳಿ ಹತ್ತಿಕೊಂಡಿತ್ತು. ಬಾಲ್ಕನಿಯ ಕೆಳಗೆ ಯಾರು ಕೂತರೂ ಕುರ್ಚಿ ಸಮೇತ ಬಿಸಿಲಿಗೆ ಎಬ್ಬಿಸುವುದು. ಮಸೀದಿಯ ಉಸ್ತಾದರನ್ನೂ ಬಿಟ್ಟಿರಲಿಲ್ಲ. ಮಾಳಿಗೆಯಲ್ಲಿ ಬಾಲ್ಕನಿಯ ಬಾಗಿಲಿಗೆ ಬೀಗ, ಬೀಗದ ಕೈ ಅವರ ಅಗಲದ ಹಸಿರು ಬೆಲ್ಟಿನೊಳಗೆ. ಯಾಕೆಂದು ಕೇಳಿದರೆ ಒಂದು ದಿನ ಕಳ್ಳರು, ಒಂದು ದಿನ ಕಾಗೆ, ಇನ್ನೊಂದು ದಿನ ಬಿಸಿಲು ಎಲುಬಿಗೆ ಒಳ್ಳೆಯದು ಎಂಬ ಉತ್ತರ. ಅರವತ್ತಕ್ಕೆ ಅರಳುಮರಳು ಎಂದು ಊರು ಹಿಂದಿನಿಂದ ಹೇಳಿತು, ಹೆಂಡತಿ ನಬೀಸಾ ಮುಖಕ್ಕೇ ಹೇಳಿದರು.

ಸೊಸೆ ಸಬೀಹಾ ಮಾತ್ರ ಏನೂ ಹೇಳಲಿಲ್ಲ. ಆ ಬಾಲ್ಕನಿ ರಿಪೇರಿ ಮಾಡಿದವನು ಅವಳ ತಮ್ಮ ಅಸ್ಕರ್. ಮಾವ ಹಾಕಿದ ಬೀಗ ತನ್ನ ತವರುಮನೆಯ ಮುಖಕ್ಕೇ ಹಾಕಿದ್ದೆಂದು ಅವಳು ನಂಬಿದ್ದಳು. ಆ ಸಿಟ್ಟಿಗೆ ಮೂರು ವರ್ಷ ಮಾವನಿಗೆ ಚಹಾ ಕೊಟ್ಟಳು, ಮಾತು ಕೊಡಲಿಲ್ಲ.

ಮಯ್ಯತ್ತಿಗೆ ಸ್ನಾನ ಮಾಡಿಸಿದವರು ಹಸಿರು ಬೆಲ್ಟನ್ನು ತಂದು ಮಗ ನಿಝಾಮನ ಕೈಗೆ ಕೊಟ್ಟರು. ನಿಝಾಮ್ ಅದನ್ನು ಹೆಂಡತಿಗೆ ದಾಟಿಸಿದ.

"ಒಳಗಿಡು."

ಬೆಲ್ಟಿನ ಕಿಸೆಯಲ್ಲಿ ಬೀಗದ ಕೈ ಸಬೀಹಾಳ ಬೆರಳಿಗೆ ತಾಗಿತು.

ಹೊರಗೆ ಎಲ್ಲರೂ ನೆರಳು ಹಿಡಿದಿದ್ದರು. ಹಳೇ ಕಂಟ್ರಾಕ್ಟ್ರು ಹುಕ್ರಪ್ಪ ಒಬ್ಬರೇ ಬಾವಿಕಟ್ಟೆಯ ಹತ್ತಿರ, ತಲೆಗೆ ಬೈರಾಸು ಸುತ್ತಿಕೊಂಡು ಬಿಸಿಲಲ್ಲಿ ಕೂತಿದ್ದರು. ಉಸ್ಮಾನ್ ಎರಡು ಸಲ ಕರೆದ.

"ಇರ್ಲಿ ಮಾರಾಯ. ನನಗೆ ಇಲ್ಲೇ ಆಗ್ತದೆ," ಎಂದರು ಅವರು.

*

ಮೂರು ವರ್ಷದ ಹಿಂದೆ ಬಾಲ್ಕನಿಯ ಅಡಿಯಿಂದ ಸಿಮೆಂಟಿನ ಚಕ್ಕೆಯೊಂದು ಉದುರಿ ಒಳಗಿನ ತುಕ್ಕು ಹಿಡಿದ ಸರಳು ಕಂಡಾಗ ಮೊದಲು ಕರೆಸಿದ್ದು ಈ ಹುಕ್ರಪ್ಪರನ್ನೇ. ಅವರು ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡಿ ಮೊಯಿದಿನಬ್ಬರಿಗೆ ಹೇಳಿದರು.

"ಬ್ಯಾರಿಗಳೇ, ಇದಕ್ಕೆ ತೇಪೆ ಸಾಲುದಿಲ್ಲ. ಅಡಿಯಿಂದ ಆಧಾರ ಕೊಟ್ಟು, ಪೂರ್ತಿ ಒಡೆದು, ಹೊಸ ಸರಳು ಕಟ್ಬೇಕು. ಒಂದು ತಿಂಗಳಾದ್ರೂ ಬೇಕು."

ಚಹಾ ತಂದ ಸಬೀಹಾ ಬಾಗಿಲಲ್ಲೇ ನಿಂತು ಹೇಳಿದಳು. "ಅಸ್ಕರ್ ಇದ್ದಾನಲ್ಲ ಮಾವ. ಈಗ ಅವನೂ ಕಂಟ್ರಾಕ್ಟ್ ಹಿಡೀತಾನೆ."

ಅಲ್ಲಿಗೆ ಮಾತು ಮುಗಿಯಿತು. ಮನೆಯವನೇ ಇರುವಾಗ ಹೊರಗಿನವನು ಯಾಕೆ? ಅಸ್ಕರ್ ಹಿಂದೆ ಎಲ್ಲಿ ಕೆಲಸ ಮಾಡಿದ್ದಾನೆ, ಆ ಕೆಲಸ ಈಗ ಹೇಗುಂಟು, ಸರಳು ಬದಲಿಸುತ್ತಾನೋ ಇಲ್ಲವೋ, ಒಬ್ಬರೂ ಕೇಳಲಿಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ಜನ ನಾವು, ನೆಂಟನನ್ನು ಮಾತ್ರ ಕೇಳಲು ನಾಚುತ್ತೇವೆ.

ಅಸ್ಕರ್ ಒಂದೇ ವಾರದಲ್ಲಿ ಮುಗಿಸಿ ಗುಲಾಬಿ ಬಣ್ಣ ಬಳಿದು ಕೊಟ್ಟ. ಅಂದು ಸಂಜೆ ಸಬೀಹಾ ಅಲ್ಲಿ ನಿಂತು, ರಸ್ತೆಗೆಲ್ಲ ಕಾಣುವಂತೆ ಚಹಾ ಕುಡಿದಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳು ಅಷ್ಟು ತಲೆಯೆತ್ತಿ ನಿಂತದ್ದು ಅದೇ ಮೊದಲು.

*

"ಮೇಲಿಂದ ನೋಡ್ತೇನೆ," ಎಂದರು ನಬೀಸಾ.

ಗಂಡಸರು ಮಯ್ಯತ್ತಿನ ಮಂಚ ಎತ್ತಲು ಸಿದ್ಧರಾಗುತ್ತಿದ್ದರು. ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಅವರ ಬೀಳ್ಕೊಡುಗೆ ಮನೆಯೊಳಗೇ ಮುಗಿಯಬೇಕು. ಮಾಳಿಗೆಯ ಕಿಟಕಿಗಳೆಲ್ಲ ತೋಟದ ಕಡೆಗೆ. ಮಸೀದಿಗೆ ತಿರುಗುವ ರಸ್ತೆ ಕಾಣುವುದು ಬಾಲ್ಕನಿಯಿಂದ ಮಾತ್ರ.

"ತಿರುವಿನವರೆಗೆ ಒಮ್ಮೆ ನೋಡಿದ್ರೆ ಸಾಕು. ಬೀಗದ ಕೈ ನಿನ್ನ ಹತ್ರ ಉಂಟಲ್ಲ?"

"ಉಂಟು ಉಮ್ಮ. ಬನ್ನಿ," ಎಂದಳು ಸಬೀಹಾ. ದುಃಖದ ನಡುವೆಯೂ ಅವಳ ಎದೆಯಲ್ಲಿ ಗೆದ್ದ ಖುಷಿಯೊಂದು ಅಲುಗಿತು. ತಮ್ಮನ ಕೆಲಸವನ್ನು ಇವತ್ತಾದರೂ ಎಲ್ಲರೂ ಮೆಟ್ಟಿ ನೋಡಲಿ. ಅತ್ತೆಯ ಹಿಂದೆ ಮನೆ ತುಂಬಿದ ಹೆಂಗಸರೆಲ್ಲ ಮೆಟ್ಟಿಲು ಹತ್ತಿದರು.

*

ರಿಪೇರಿಯಾದ ವರ್ಷದ ಮೊದಲ ಮಳೆಗೇ ಗುಲಾಬಿ ಬಣ್ಣದ ಮೇಲೆ ಕಂದು ಗೆರೆಯೊಂದು ಇಳಿದಿತ್ತು. ಮೊಯಿದಿನಬ್ಬ ಊರುಗೋಲಿನಿಂದ ಬಡಿದು ನೋಡಿದರು. ಕಾಯಿ ಬಡಿದೇ ಒಳಗಿನದನ್ನು ಹೇಳುತ್ತಿದ್ದ ಕಿವಿ ಅದು. ಟೊಳ್ಳು. ಮೇಲೆ ಥಳುಕು, ಒಳಗೆ ಹುಳುಕು.

ಅವರು ಅಸ್ಕರನನ್ನು ಮನೆಗೆ ಕರೆಯಲಿಲ್ಲ. ಅಂಗಡಿಗೆ ಕರೆಸಿ, ಕಾಯಿಯ ರಾಶಿಯ ಹಿಂದೆ ಕೂರಿಸಿ ಕೇಳಿದರು.

"ಒಳಗೆ ಎಂಥ ಮಾಡಿದ್ದಿ?"

"ಹಳೇ ಸರಳೇ ಮಾವ. ಮೇಲಿಂದ ಸಿಮೆಂಟ್ ಹಾಕಿದ್ದು." ಅಸ್ಕರ್ ತಲೆ ಎತ್ತಲಿಲ್ಲ. "ಭಾವನಿಗೆ ಹೇಳ್ಬೇಡಿ. ಅಕ್ಕ ಆ ಮನೆಯಲ್ಲಿ ಬಾಯಿ ತೆರೆಯುವ ಹಾಗಿಲ್ಲ ಮತ್ತೆ."

ಮಗನ ನಾಲಿಗೆ ಮೊಯಿದಿನಬ್ಬರಿಗೆ ಗೊತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ನಿಝಾಮ್ ಹೆಂಡತಿಯ ತವರನ್ನು ಎಳೆದು ತರುವವನು.

"ಮಳೆ ಬಿಟ್ಟ ಮೇಲೆ ಬಂದು ಸರಿ ಮಾಡು. ಅಷ್ಟರವರೆಗೆ ಬೀಗ ಹಾಕ್ತೇನೆ."

ಮಳೆ ಬಿಟ್ಟಿತು, ಮತ್ತೆ ಬಂತು. ಅಸ್ಕರನಿಗೆ ಪ್ರತಿ ಸಲವೂ ವಿಟ್ಲದಲ್ಲಿ ಬೇರೆ ಕೆಲಸ. ಹುಕ್ರಪ್ಪರನ್ನು ಕರೆಸಬಹುದಿತ್ತು, ಆದರೆ ಕರೆಸಿದರೆ ಕಾರಣ ಹೇಳಬೇಕಲ್ಲ. ಸೊಸೆಯ ಮಾನ ಉಳಿಸಲು ಮುದುಕ ಹುಚ್ಚನ ಪಟ್ಟ ಕಟ್ಟಿಕೊಂಡರು. ಅದು ದೊಡ್ಡತನ ಹೌದು, ದಡ್ಡತನವೂ ಹೌದು. ಸ್ಲ್ಯಾಬ್ ಯಾರ ಮಾನವನ್ನೂ ನೋಡಿ ಬೀಳುವುದಿಲ್ಲ.

*

ಮಂಚ ಎದ್ದಿತು. ಮುಂದಿನ ಒಂದು ಕಾಲಿಗೆ ಅಸ್ಕರ್ ಹೆಗಲು ಕೊಟ್ಟಿದ್ದ. ಅಲ್ಲಾಹನ ನಾಮದ ದಿಕ್ರ್ ಹೇಳುತ್ತ ಬಾಲ್ಕನಿಯ ಕೆಳಗೆ ಬರುವಷ್ಟರಲ್ಲಿ ಮೇಲೆ ಯಾರೋ ತುಕ್ಕು ಹಿಡಿದ ಚಿಲಕವನ್ನು ಗುದ್ದುವ ಸದ್ದು ಕೇಳಿತು.

ಅಸ್ಕರ್ ತಲೆಯೆತ್ತಿ ನೋಡಿದ. ಮೇಲೆ ಹೆಂಗಸರು, ಕೆಳಗೆ ಇಷ್ಟೂ ಜನ. ಹೆಗಲನ್ನು ವಹಾಬರಿಗೆ ಒಪ್ಪಿಸಿ ಅವನು ಒಳಗೆ ಓಡಿದ. ಮಯ್ಯತ್ ಬಿಟ್ಟು ಓಡುವವನನ್ನು ಜನ ಹುಬ್ಬು ಗಂಟಿಕ್ಕಿ ನೋಡಿದರು.

ಚಿಲಕ ಸರಿಯುವುದಕ್ಕೂ ಅವನು ಹೆಂಗಸರ ನಡುವೆ ನುಗ್ಗಿ ಬಾಗಿಲಿಗೆ ಬೆನ್ನು ಕೊಡುವುದಕ್ಕೂ ಸರಿಹೋಯಿತು.

"ಅಕ್ಕ, ತೆಗೀಬೇಡ."

"ನೀನೂ ಹಾಗೆ ಹೇಳ್ತಿಯಾ? ನಿನ್ನ ಕೆಲಸಕ್ಕೆ ಮೂರು ವರ್ಷ ಬೀಗ ಹಾಕಿದ್ರು."

"ನಾನು ಮಾಡಿದ ಕೆಲಸ, ಅದಕ್ಕೇ ಬೇಡ ಹೇಳುದು. ಒಳಗೆ ಎಲ್ಲ ತುಕ್ಕು. ಮಾವನಿಗೆ ಗೊತ್ತಿತ್ತು. ನೀನು ಭಾವನಿಂದ ಮಾತು ಕೇಳ್ಬೇಕಾಗ್ತದೆ ಅಂತ ಯಾರಿಗೂ ಹೇಳ್ಲಿಲ್ಲ ಅವರು."

ಕೆಳಗಿನ ದಿಕ್ರ್ ಅಂಗಳ ದಾಟಿತು, ಗೇಟು ದಾಟಿತು, ತಿರುವಿನಲ್ಲಿ ಸಣ್ಣದಾಗಿ ನಿಂತುಹೋಯಿತು.

ನಬೀಸಾ ನೆಲದಲ್ಲೇ ಕೂತರು. "ಮರ್ಲ, ಹುಚ್ಚ ಅಂತ ಕರೆದೆ ನಾನು ಅವರನ್ನು," ಎಂದರು. "ದಿನಾ ಕರೆದೆ."

ಸಬೀಹಾಗೆ ಅಳು ಬಂದದ್ದು ಆಗ. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಬೆಳಗ್ಗಿನಿಂದ ಬಾರದ ಅಳುವನ್ನೆಲ್ಲ ಅತ್ತಳು.

ದಫನ ಮುಗಿಸಿ ಗಂಡಸರು ಮರಳಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಎಲ್ಲರೂ ಬಾಲ್ಕನಿಯ ನೆರಳಿನಲ್ಲೇ ಕೂತರು, ನಿಝಾಮನೂ. ಎಲ್ಲರಿಗಿಂತ ಹಿಂದೆ ಬಂದ ಅಸ್ಕರ್ ಗೇಟಿನಲ್ಲೇ ನಿಂತ. ತಲೆಗೆ ಶಾಲು ಹೊದ್ದು ಸಬೀಹಾ ಅಂಗಳಕ್ಕೆ ಇಳಿದಳು.

"ಎದ್ದೇಳಿ, ಇಲ್ಲಿ ಬೇಡ."

"ಎಂಥ ನಿನ್ನದು, ಉಪ್ಪನ ಹಾಗೆ?" ಎಂದ ನಿಝಾಮ್, ತಂದೆಯ ಚಾಳಿ ನೆನಪಾಗಿ.

ಅವಳು ಬಾವಿಕಟ್ಟೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಹುಕ್ರಪ್ಪಣ್ಣ, ನಾಳೆ ಬನ್ನಿ. ನನ್ನ ತಮ್ಮ ಮಾಡಿದ್ದನ್ನು ಪೂರ್ತಿ ಒಡೀಬೇಕು."

ನಿಝಾಮ್ ಎದ್ದು ನಿಂತ. ಅವನ ಖಾಲಿ ಕುರ್ಚಿಯ ಬೆನ್ನು ಹಿಡಿದು ಸಬೀಹಾ ಅಂಗಳದುದ್ದಕ್ಕೂ ಕರಕರ ಎಳೆದುಕೊಂಡು ಹೋದಳು. ಹುಕ್ರಪ್ಪರ ಪಕ್ಕದ ಬಿಸಿಲಲ್ಲಿ ಅದನ್ನು ಇಟ್ಟು, ಇನ್ನೊಂದಕ್ಕೆ ಹಿಂದೆ ಬಂದಳು.