ಎಂಜಲು ಕೈ, ಸೌಟಿನ ಕೈ

ನನ್ನ ಗಂಡನನ್ನು ನಾನು ಬೈಯಬಹುದು. ಊರವರು ನಕ್ಕರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಯಜಮಾನರು ಪ್ರಭಾಕರ, ಅಮೆರಿಕದ ಜರ್ಮನ್‌ಟೌನಿನ ಒಂದು ಲ್ಯಾಬಿನಲ್ಲಿ ವಿಜ್ಞಾನಿ. ನಾಲ್ಕು ಜನರ ಮುಂದೆ ಬಾಯಿ ಬಿಡದ ಮನುಷ್ಯ. ಅಂಥವರಿಗೆ ಕಾಂಟ್ರಾ ಡ್ಯಾನ್ಸಿನ ಹುಚ್ಚು ಹಿಡಿಯಿತು. ಎದುರುಬದುರು ಎರಡು ಸಾಲು, ಪಿಟೀಲಿನ ಸಂಗೀತ, ಜೋಡಿಗಳು ಸುತ್ತುತ್ತಾ ಮುಂದಿನ ಜೋಡಿಯ ಹತ್ತಿರ ಸರಿಯುತ್ತಾ ಹೋಗಬೇಕು. ಮುಂದಿನ ಹೆಜ್ಜೆ ಯಾವುದೆಂದು ಮೈಕಿನಲ್ಲಿ ಕೂಗುವವನೇ ಕಾಲರ್. ಅಮೆರಿಕನ್ನರ ಡ್ಯಾನ್ಸ್ ಹಾಲ್‌ನಲ್ಲಿ ಕಾಲರ್ ಆಗಿ ನಿಂತರೆ ಇವರದು ಗಂಟೆಯಂಥ ದನಿ. ಆದರೆ ಇವರಿಗಿದ್ದದ್ದು ಒಂದೇ ಆಸೆ: ನಮ್ಮ ಕನ್ನಡದವರು ಒಂದು ಸಲವಾದರೂ ಸಾಲು ಮುರಿಯದೆ ಇವರ ಮಾತಿಗೆ ಕುಣಿಯಬೇಕು.

ಕನ್ನಡ ಸಂಘದ ದೀಪಾವಳಿಗೆ ಪ್ರಯತ್ನಪಟ್ಟರು. ಎಲ್ಲರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಕ್ಕರು. ಇವರು ಮನೆಗೆ ಬಂದು ಪಿಟೀಲಿನ ಕ್ಯಾಸೆಟ್ಟುಗಳನ್ನೆಲ್ಲ ಗರಾಜಿಗೆ ಹಾಕಿಬಿಟ್ಟರು. ತೊಂಬತ್ತಾರರ ಯುಗಾದಿಗೆ ನಾನೇ ಜಗಳವಾಡಿ ಹೊರಡಿಸಿದೆ.

"ಇದೇ ಕೊನೆ, ಊರ್ಮಿಳಾ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಮೈಕ್ ಮುಟ್ಟಲ್ಲ," ಅಂದರು.

ಸ್ಕೂಲಿನ ಜಿಮ್, ಒಬ್ಬಟ್ಟು ಉಂಡ ಹೊಟ್ಟೆಗಳು. ನನ್ನ ಜೋಡಿ ಸೆಂಟರ್‌ವಿಲ್ಲಿನ ರೇಣುಕಾದೇವಿ ಆಂಟಿ. ಒಂದೇ ಒಂದು ಜಾಗ ಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಪಕ್ಕದ ಜೋಡಿಯವರ ಬಲಗೈ ಹಿಡಿದು ಒಂದು ಸುತ್ತು, ಬಿಟ್ಟ ತಕ್ಷಣ ನಮ್ಮ ಜೋಡಿಗೆ ಎಡಗೈ. ಅಲ್ಲಿಗೆ ಬಂದರೆ ಸಾಕು, ಎಲ್ಲರೂ ಮತ್ತೆ ಬಲಗೈಯನ್ನೇ ಚಾಚುತ್ತಿದ್ದರು.

"ಲೆಫ್ಟ್ ಹ್ಯಾಂಡ್ ಕೊಡಿ ಆಂಟಿ," ಎಂದು ಇವರು ಮೈಕಿನಲ್ಲಿ ಬೇಡಿಕೊಂಡರು.

"ಹಬ್ಬದ ದಿನ ಯಾರಾದ್ರೂ ಎಡಗೈ ಕೊಡ್ತಾರೇನಪ್ಪಾ?" ಎಂದರು ಆಂಟಿ. ಜಿಮ್ಮಿಗೆ ಜಿಮ್ಮೇ ನಕ್ಕಿತು.

ಇವರು ಫ್ರೀ ಹ್ಯಾಂಡು, ಫ್ಲೋ ಎಂದು ಏನೇನೋ ವಿವರಿಸಿದರು. ಎರಡನೆಯ ಸಲವೂ ಸಾಲು ಅಲ್ಲೇ ಮುರಿಯಿತು. ಇವರು ಮೈಕನ್ನು ಮೆಲ್ಲಗೆ ಸ್ಟ್ಯಾಂಡಿಗೆ ಸಿಕ್ಕಿಸಿದರು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಏನ್ರೀ ಆಗಿದೆ ನಿಮಗೆಲ್ಲಾ!" ಎಂದು ಕೂಗಿದೆ. "ಊಟದ ಮಧ್ಯೆ ಸಾರು ಬೇಕಾದ್ರೆ ಸೌಟು ಯಾವ ಕೈಲಿ ಹಿಡೀತೀರಾ?"

"ಎಡಗೈಲಿ," ಎಂದರು ಆಂಟಿ. "ಬಲಗೈ ಎಂಜಲಲ್ವಾ?"

"ಇದೂ ಹಾಗೇ. ಪಕ್ಕದೋರನ್ನ ಹಿಡಿದ ಕೈ ಎಂಜಲು. ನಮ್ಮೋರನ್ನ ಹಿಡಿಯೋದು ಸೌಟಿನ ಕೈಲಿ!"

"ಅಯ್ಯೋ ನಿನ್ನ! ಪಕ್ಕದ ಮನೆ ಗಂಡಸರನ್ನೆಲ್ಲ ಎಂಜಲು ಮಾಡಿಬಿಟ್ಟೆಯಲ್ಲೇ!" ಆಂಟಿ ಬಿದ್ದುಬಿದ್ದು ನಕ್ಕರು.

ಇವರು ಮೈಕನ್ನು ಮತ್ತೆ ಕಿತ್ತುಕೊಂಡರು. "ಪಕ್ಕದವರಿಗೆ ಬಲಗೈ... ಎಂಜಲಾಯ್ತು... ಸೌಟು!"

ಅಬ್ಬಾ! ಎಡಗೈಗಳೆಲ್ಲ ಒಟ್ಟಿಗೆ ಮುಂದೆ ಬಂದವು. ಸಾಲು ಮುರಿಯಲಿಲ್ಲ. ಆ ತುದಿಯಿಂದ ಈ ತುದಿಯವರೆಗೂ ಜನ ತಾವೇ "ಸೌಟು!" ಎಂದು ಕೂಗುತ್ತಾ ಹರಿದರು. ಕುಣಿಯುವವರಿಗೆ ಹೆಜ್ಜೆ ಕೂತ ಮೇಲೆ ಕಾಲರ್ ಸುಮ್ಮನಾಗಬೇಕಂತೆ. ಇವರೂ ಸುಮ್ಮನಾಗಿ ನೋಡುತ್ತಾ ನಿಂತರು.

"ನನ್ನ ಮಂಡಿ ಸೋತಿತು. ಬಾರಪ್ಪಾ ಪ್ರಭಾಕರ, ನಿನ್ನ ಹೆಂಡ್ತೀನ ನೀನೇ ಹಿಡ್ಕೋ," ಎಂದು ಆಂಟಿ ಕುರ್ಚಿ ಹಿಡಿದರು.

ಇವರು ಇಳಿದು ಬಂದು ಅವರ ಜಾಗದಲ್ಲಿ ನಿಂತರು. ನಾನು ಪಕ್ಕದವರ ಬಲಗೈ ಬಿಟ್ಟು ತಿರುಗಿದೆ. ಇವರ ಕಣ್ಣು ತುಂಬಿತ್ತು. ನನಗೇನಾಯಿತೋ, ಬಲಗೈಯನ್ನೇ ಚಾಚಿಬಿಟ್ಟೆ.

"ಎಂಜಲು ಕೈ, ಊರ್ಮಿಳಾ," ಎಂದರು ಮೆಲ್ಲಗೆ. ಅದನ್ನೇ ಹಿಡಿದುಕೊಂಡರು.

ಹಿಂದಿನವರು ಬಂದು ಡಿಕ್ಕಿ ಹೊಡೆದರು. ಸಾಲು ಮುರಿಯಿತು. ಇವರು ಕೈ ಬಿಡಲಿಲ್ಲ.