ಕರ್ರಗೆ ಉಳಿದ ಗಾಜು

ನನ್ನ ಗಾಜಿಗೆ ನೂರೈವತ್ತು ರೂಪಾಯಿ ಬಿದ್ದಿದೆ. ಮೇಲಿನ ಲೇಪಕ್ಕೆ ಮೂವತ್ತೂ ದಾಟಿಲ್ಲ. ಆದರೂ ಎಲ್ಲರೂ ಬೆಳಕಿಗೆ ಹಿಡಿದು ನೋಡುವುದು ಆ ಲೇಪವನ್ನೇ. ನಾನು ಬಿಸಿಲಿನಿಂದ ಕರೆಂಟು ಮಾಡುವ ಹೊಸ ಬಗೆಯ ಫಲಕದ ಮಾದರಿ. ಅಂಚೆ ಚೀಟಿಯಷ್ಟು ಅಗಲ.

ಹುಟ್ಟಿದ್ದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ. ಸಂಶೋಧನೆ ಮಾಡುವ ಶಾಹೀನ್ ನನ್ನ ಮೇಲೆ ಹಳದಿ ದ್ರಾವಣ ಹನಿಸಿ, ಯಂತ್ರದಲ್ಲಿ ಗರಗರ ತಿರುಗಿಸಿ, ಬಿಸಿ ತಟ್ಟೆಯ ಮೇಲಿಟ್ಟಳು. ಕರ್ರಗಾದೆ. ಬಿಸಿಲನ್ನು ಹಿಡಿಯುವುದು ಈ ಕಪ್ಪೇ. ಅದು ಒಂದು ತಿಂಗಳು ಉಳಿದು, ಹೇಗೆ ಉಳಿಯಿತೆಂದು ತೋರಿಸಿದರೆ ಅವಳ ಕೆಲಸಕ್ಕೆ ಇನ್ನೊಂದು ವರ್ಷ. ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಉಳಿಯುವುದು ಸುಲಭವಲ್ಲ. ನನ್ನೊಳಗೆ ಸೀಸ, ಅಯೋಡಿನ್ ಸೇರಿ ಚೌಕಟ್ಟು ಕಟ್ಟುತ್ತವೆ. ನಡುವೆ ಕೂರುವ ಫಾರ್ಮಾಮಿಡಿನಿಯಂ ಎಂಬ ಕಣ ತುಸು ದಪ್ಪ. ಅದೊಂದೇ ಕೂತರೆ ಚೌಕಟ್ಟು ತಾಳದೆ ಬೇರೆ ರೂಪಕ್ಕೆ ಹೊರಳಿ ಹಳದಿಯಾಗುತ್ತದೆ. ಅಲ್ಲಲ್ಲಿ ಅದಕ್ಕಿಂತ ಸಣ್ಣದಾದ ಸೀಸಿಯಂ ಲೋಹದ ಕಣ ಕೂತರೆ ಬಿಗಿಯಾಗಿ ನಿಲ್ಲುತ್ತದೆ. ಸೀಸಿಯಂ ಹೆಚ್ಚಾದರೆ ಅದು ತನ್ನದೇ ಗುಂಪು ಕಟ್ಟಿಕೊಂಡು ಬೇರೆಯಾಗುತ್ತದೆ. ಎಷ್ಟು ಬೇಕೆಂದು ತಿಳಿಯಲು ಶಾಹೀನ್ ಆರು ಅಳತೆಯಲ್ಲಿ ಆರು ಬಾಟಲಿ ಕಲಸಿ, ಒಂದೊಂದರಿಂದ ಒಂದೊಂದು ಗಾಜಿಗೆ ಲೇಪ ಹಚ್ಚಿ, ನಮ್ಮಾರು ಜನರನ್ನು ಆಯಾ ಬಾಟಲಿಯ ಮುಂದಿಟ್ಟು ಊಟಕ್ಕೆ ಹೋದಳು.

ವಾಪಸು ಬಂದಾಗ ಬಾಟಲಿಗಳು ಸಾಲು ತಪ್ಪಿ ಫಳಫಳ ಹೊಳೆಯುತ್ತಿದ್ದವು.

"ಕಾಕಾ, ಬಾಟಲಿ ಮ್ಯಾಲಿನ ನಂಬರ್ ಎಲ್ಲಿ ಹೋದೂ?"

ಪ್ರಯೋಗಾಲಯದ ಹಳೆಯ ಸಹಾಯಕ ಫಕೀರಪ್ಪ ಅರಿವೆ ಜಾಡಿಸಿದ. "ಭಾಳ ಹೊಲಸಾಗಿದ್ದೂ ತಂಗಿ. ಸ್ಪಿರಿಟ್ ಹಚ್ಚಿ ಒರಸೀನಿ."

"ಪೆನ್ನಿನ ಮಸಿನೂ ಒರಸೀರಿ!"

"ಅಷ್ಟು ಹಗುರ ಹೋಗೂ ಮಸೀಲೆ ಯಾರ್ ಬರೀತಾರವ್ವಾ?"

ನಮ್ಮಲ್ಲಿ ಯಾರದು ಯಾವ ಅಳತೆ ಎಂಬ ಗುರುತೇ ಹೋಯಿತು. ದ್ರಾವಣಗಳು ವಾರದಲ್ಲಿ ಕೆಟ್ಟು ತ್ಯಾಜ್ಯದ ಡಬ್ಬಿ ಸೇರಿದವು. ತಿಂಗಳಾಗುವಷ್ಟರಲ್ಲಿ ನನ್ನ ಜೊತೆಯವರಲ್ಲಿ ಕೆಲವರು ಹಳದಿಯಾದರು, ಕೆಲವರ ಮೈಮೇಲೆ ಕಲೆ ಎದ್ದವು. ನಾನೊಬ್ಬನೇ ಕಪ್ಪಾಗಿ ಉಳಿದೆ. ಆ ಇನ್ನೊಂದು ವರ್ಷ ಕೊಡಬೇಕಾದ ಪರಿಶೀಲನಾ ಸಮಿತಿ ಬರಲು ಹತ್ತು ದಿನವಿತ್ತು. ಮತ್ತೆ ಆರನ್ನೂ ಮಾಡಿ ತಿಂಗಳು ಕಾಯುವಂತಿರಲಿಲ್ಲ. ನನ್ನ ಅಳತೆ ಗೊತ್ತಾಗಬೇಕಿದ್ದರೆ ನನ್ನ ಅರ್ಧ ಕೊಯ್ದು, ಅದರ ಲೇಪವನ್ನು ಆಮ್ಲದಲ್ಲಿ ಕರಗಿಸಿ ಅಳೆಯುವ ಯಂತ್ರಕ್ಕೆ ಕೊಡಬೇಕಿತ್ತು.

"ಇದನ್ನ ಕೊಯ್ಯೋದಾ? ಉಳಿದದ್ದ ಇದೊಂದು," ಎಂದ ಫಕೀರಪ್ಪ.

"ಉಳಿದದ್ದಕ್ಕ ಕೊಯ್ಯಬೇಕು, ಕಾಕಾ. ಗಾಜು ಕೊಯ್ಯೋದು ನಿಮಗ ರೂಢಿ ಅದ. ನೀವ ಕೊಯ್ರಿ."

ಅವನು ಉಸಿರು ಬಿಗಿಹಿಡಿದು ಗಾಜಿಗೆ ಗೀರು ಹಾಕಿ, ನನ್ನನ್ನು ನೇರವಾಗಿ ಎರಡು ಮಾಡಿದ. ಒಂದು ಅರ್ಧ ಕರಗಿತು. ನಡುವೆ ಕೂತ ಕಣಗಳಲ್ಲಿ ನೂರಕ್ಕೆ ಹತ್ತು ಪಾಲು ಸೀಸಿಯಂ ಎಂದು ತಿಳಿಯಿತು. ಇನ್ನೊಂದು ಅರ್ಧವನ್ನು ಸಮಿತಿಯವರು ಕೈಯಿಂದ ಕೈಗೆ ದಾಟಿಸಿ ನೋಡಿದರು.

ಈಗ ನಾನು ತೇವ ತಾಕದ ಡಬ್ಬಿಯಲ್ಲಿದ್ದೇನೆ. ಅಂಚಿನಲ್ಲಿ ಚೂರು ಹಳದಿ ಕಾಣಿಸಿಕೊಂಡಿದೆ, ವಯಸ್ಸಾಯಿತು. ನನ್ನ ಅರ್ಧ ಮೈ ಹೋಯಿತು. ಶಾಹೀನಳಿಗೆ ಒಂದು ವರ್ಷ ಸಿಕ್ಕಿತು.